ಬಲಗೈಯ ಗವಸು

ಅಟ್ಟದ ಮೇಲಿಂದ ಹಳೆಯ ಬೆನ್ನುಚೀಲ ಇಳಿಸಿ ಝಿಪ್ ಎಳೆದಾಗ ಮೊದಲು ಬಂದದ್ದು ಅಗ್ಗದ ಗಂಧದ ವಾಸನೆ. ಮುಂದಿನ ವಾರ ಹಿಮಾಲಯದ ಚಾರಣಕ್ಕೆ ಹೊರಡಬೇಕು, ಅದಕ್ಕೇ ಚೀಲ ಬೇಕಾಗಿತ್ತು. ತಳದಲ್ಲಿ ಮರದ ಸಿಪ್ಪೆಯ ಸಣ್ಣ ಸುರುಳಿಗಳು ಉದುರಿದ್ದವು. ಸನ್ಮಾನದಲ್ಲಿ ಕೊರಳಿಗೆ ಹಾಕುತ್ತಾರಲ್ಲ, ಆ ಹಾರದವು. ಅದರಲ್ಲಿ ಗಂಧ ಇರುವುದಿಲ್ಲ. ಯಾವುದೋ ಮರ ಹೆರೆದು ಮೇಲೆ ಅತ್ತರು ಸಿಂಪಡಿಸಿರುತ್ತಾರೆ. ಇದನ್ನು ನನಗೆ ಹೇಳಿದ್ದು ಆ ಹಾರ ಮಾರುತ್ತಿದ್ದ ಕಾಕಾ ಅವರೇ, ಸ್ವಲ್ಪ ಹೆಮ್ಮೆಯಿಂದ...

ಗೋಕಾಕದಲ್ಲಿ ನಮ್ಮ ಓಣಿಯ ಮೂಲೆಗೆ ಅವರ ಅಂಗಡಿ ಇತ್ತು. ಶಾಲು, ಪೇಟಾ, ಹಾರ, ನೆನಪಿನ ಕಾಣಿಕೆ ಎಲ್ಲ ಅಲ್ಲಿ ಸಿಗುತ್ತಿತ್ತು, ಸನ್ಮಾನಕ್ಕೆ ಯೋಗ್ಯನಾದ ಮನುಷ್ಯನೊಬ್ಬನನ್ನು ಬಿಟ್ಟು. ಮೂಡಲಗಿಯಿಂದ ಹುಕ್ಕೇರಿಯವರೆಗೆ ಯಾವ ವೇದಿಕೆಯ ಮೇಲೆ ಯಾರ ಹೆಗಲಿಗೆ ಶಾಲು ಬಿದ್ದರೂ ಅದು ಅವರ ಅಂಗಡಿಯದು. ಅವರ ಹೆಗಲಿಗೆ ಮಾತ್ರ ಯಾರೂ ಹಾಕಿರಲಿಲ್ಲ. ಒಮ್ಮೆ ಯಾರದೋ ಗುಂಪಿನ ಜೊತೆ ಹಿಮಾಲಯಕ್ಕೆ ಹೋದವರು ಅರ್ಧ ದಾರಿಗೆ ತಲೆಸುತ್ತಿ ಕುಳಿತರು. ಮರಳಿ ಓಣಿಗೆ ಬರುವಷ್ಟರಲ್ಲಿ ಚಾರಣದ ಲೀಡರ್ ಆಗಿಬಿಟ್ಟಿದ್ದರು. ಮುಂದಿನ ವರ್ಷದ ಗುಂಪನ್ನು ಅವರೇ ಕಟ್ಟಿದರು. ಆಗ ನಾನು ಎಂ.ಎಸ್ಸಿ. ಓದುತ್ತಿದ್ದೆ. ಹಿಮದ ಶಿಖರವೊಂದರ ತುದಿಯಲ್ಲಿ ಒಮ್ಮೆ ನಿಲ್ಲಬೇಕು ಎಂಬುದು ನಾನು ಮನೆಯಲ್ಲಿ ಬಾಯಿಬಿಟ್ಟು ಕೇಳಿದ ಮೊದಲ ಆಸೆ. ಓಣಿಯ ಕಾಕಾ ಜೊತೆಗಿರುತ್ತಾರೆ ಎಂಬ ಕಾರಣಕ್ಕೇ ಅಪ್ಪ ಒಪ್ಪಿದ್ದರು.

ಹೊರಡುವ ಹಿಂದಿನ ದಿನ ಕಾಕಾ ಎಲ್ಲರ ಚೀಲಗಳನ್ನೂ ತಮ್ಮ ಮನೆಯ ಪಡಸಾಲೆಗೆ ತರಿಸಿದರು. ದೂರ ಹೊರಟವರಿಗೆ ಬುತ್ತಿ ಕಟ್ಟಿಕೊಡುವುದು ನಮ್ಮಲ್ಲಿ ರೂಢಿ. ಮನೆಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕರದಂಟು ಬಂದು ಬಿದ್ದಿದ್ದವು. ಕಾಕಾ ಅವರ ಚೀಲದ ತುಂಬ ಕರದಂಟಿನ ಡಬ್ಬಿಗಳೇ. ಅದನ್ನಾದರೂ ಮನ್ನಿಸಬಹುದಿತ್ತು. ಅವರು ನನ್ನ ಚೀಲವನ್ನು ಕೇಳದೆ ಬಿಚ್ಚಿ, ಒಳಗಿನದನ್ನೆಲ್ಲ ಅಷ್ಟು ಜನರ ಮುಂದೆ ಜಮಖಾನೆಯ ಮೇಲೆ ಸುರಿದರು. ಒಳಉಡುಪಿನ ಗಂಟನ್ನೂ ಬಿಡಲಿಲ್ಲ. ಹುಕ್ಕೇರಿಯ ಚಿಗವ್ವ ಹೆಣೆದು ಕಳಿಸಿದ್ದ ದಪ್ಪ ಉಣ್ಣೆಯ ಕೆಂಪು ಕೈಗವಸು ಅವರ ಕೈಗೆ ಸಿಕ್ಕಿತು.

“ಒಂದ ಜೋಡ ಐತೆಲ್ಲವಾ ನಿನಗ. ಮತ್ತೊಂದ ಯಾಕ? ನಾಕ ಕೈ ಅದಾವೇನ?”

ಎಲ್ಲರೂ ನಕ್ಕರು.

“ಅವು ತೆಳ್ಳನವು ಕಾಕಾ. ಮ್ಯಾಲ ಹಿಮದಾಗ ಇವಾ ಬೇಕ್ರಿ,” ಎಂದೆ.

“ನನ್ನ ಕಡೆ ಇರ್ತಾವ, ಬೇಕಾದಾಗ ಕೇಳು. ಹುಡುಗ್ಯಾರ ಚೀಲ ಹಗರ ಇರ್ತೈತಿ, ಇದನ್ನ ನೀ ಹೊತ್ಕೊ.”

ಇದು ಎಂದರೆ ಒಂದು ರಟ್ಟಿನ ಡಬ್ಬಿ. ಒಳಗೆ ಶಾಲು, ಸುತ್ತಿಟ್ಟ ಪೇಟಾ, ಗಂಧದ ಹಾರ. ಶಿಖರದ ಮೇಲೆ ಲೀಡರ್‌ಗೆ ಸನ್ಮಾನ ಆಗಬೇಕಿತ್ತು, ಲೀಡರ್ ಅವರೇ... ಉಸಿರು ಸಾಲದ ಎತ್ತರಕ್ಕೆ ಮನುಷ್ಯ ಏನೇನು ಹೊತ್ತೊಯ್ಯುತ್ತಾನೆ ಎಂದು ಯೋಚಿಸುವಾಗ ನನಗೆ ಈಗಲೂ ಆ ಪೇಟಾವೇ ಕಣ್ಣಮುಂದೆ ಬರುತ್ತದೆ.

ಕೊನೆಯ ಬಿಡಾರ ತಲುಪುವ ದಿನ ಹಿಮ ಬಿತ್ತು. ನನ್ನ ತೆಳ್ಳನೆಯ ಗವಸು ತೊಯ್ದು ಬೆರಳುಗಳು ಮರಗಟ್ಟಿದವು. ಮರುದಿನ ಹೊರಡುವ ಮೊದಲು ಅಲ್ಲಿನ ಗೈಡ್ ನನ್ನ ಬೆರಳುಗಳನ್ನು ಒತ್ತಿ ನೋಡಿ, ಒಣಗಿದ ಗವಸು ಇದ್ದರೆ ಬಾ, ಇಲ್ಲದಿದ್ದರೆ ಇಲ್ಲೇ ಇರು ಎಂದ. ಕಾಕಾ ಅವರ ಡೇರೆಗೆ ಹೋದೆ. ಚಿಗವ್ವನ ಗವಸು ಅವರ ಕೈಗಳಲ್ಲಿದ್ದವು. ಕರದಂಟಿನ ಗದ್ದಲದಲ್ಲಿ ತಮ್ಮದನ್ನು ಅವರು ತಂದೇ ಇರಲಿಲ್ಲ.

“ಕಾಕಾ, ನನ್ನ ಗ್ಲೌಸ್ ಕೊಡ್ರಿ. ಇಲ್ಲಂದ್ರ ನನ್ನ ಇಲ್ಲೇ ಬಿಟ್ಟು ಹೋಗ್ತಾರ.”

“ಖರೆ ಐತಿ. ಆದ್ರ ನಾ ಹೋಗಲಿಲ್ಲಂದ್ರ ಸನ್ಮಾನ ಯಾರಿಗ ಮಾಡ್ತಾರವಾ? ನೀ ಇನ್ನಾ ಸಣ್ಣಾಕಿ, ಮುಂದಿನ ವರ್ಷ ಹೋಗಾಕ ಬರ್ತೈತಿ. ಆ ಡಬ್ಬಿ ಅಷ್ಟ ತಗದು ಕೊಡು.”

ಡಬ್ಬಿ ಕೊಟ್ಟೆ. ಡೇರೆಯ ಬಾಗಿಲಲ್ಲಿ ಕುಳಿತು, ಅವರೆಲ್ಲ ಬಿಳಿ ಇಳಿಜಾರಿನಲ್ಲಿ ಸಣ್ಣದಾಗುತ್ತ ಹೋಗುವುದನ್ನು ನೋಡಿದೆ.

ಅವರು ತುದಿ ಮುಟ್ಟಿದರು, ಅದನ್ನು ಅಲ್ಲಗಳೆಯುವುದಿಲ್ಲ. ಫೋಟೋ ಕಟ್ಟು ಹಾಕಿಸಿಕೊಂಡು ಅಂಗಡಿಯ ಗೋಡೆಗೆ ಏರಿತು: ಜಾಕೀಟಿನ ಮೇಲೆ ಶಾಲು, ಉಣ್ಣೆಯ ಟೊಪ್ಪಿಗೆಯ ಮೇಲೆ ಪೇಟಾ, ಕೊರಳಲ್ಲಿ ಹಾರ, ಮೇಲೆತ್ತಿದ ಎರಡು ಕೆಂಪು ಕೈಗಳು. ಕೆಳಗೆ ಗಾಜಿನ ಕಪಾಟಿನಲ್ಲಿ ನನ್ನ ಗವಸು. ಮರಳಿ ಕೇಳಿದಾಗ ಕಾಕಾ ನಿಜವಾಗಿಯೂ ಬೆರಗಾದರು. “ಅವು ಫೋಟೋದಾಗ ಬಂದಾವಲ್ಲವಾ, ಇನ್ನ ಹೆಂಗ ಕೊಡಾಕ ಬರ್ತೈತಿ?” ಗಿರಾಕಿಗಳಿಗೆ ಅದನ್ನು ಹಿಮಾಲಯದ ಕುರಿಯ ಉಣ್ಣೆ ಎಂದು ತೋರಿಸುತ್ತಿದ್ದರು. ಚಿಗವ್ವ ಆ ಉಣ್ಣೆ ಕೊಂಡದ್ದು ಬೆಲ್ಲದ ಬಾಗೇವಾಡಿಯ ಸಂತೆಯಲ್ಲಿ. ಮುಂದಿನ ವರ್ಷ ಅಪ್ಪ ಒಪ್ಪಲಿಲ್ಲ. ನನ್ನ ಬೆರಳುಗಳನ್ನು ಅವರು ನೋಡಿದ್ದರು.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ನಾನು ಊರಲ್ಲಿರಲಿಲ್ಲ. ಚಾರಣ ನಿಶ್ಚಯವಾದ ಮೇಲೆ, ಮೊನ್ನೆ ಅವರ ಮನೆಗೆ ಹೋಗಿ ಕಾಕಿಯನ್ನು ಗವಸು ಕೇಳಿದೆ. ಅವು ನನ್ನವೆಂಬುದೇ ಅವರಿಗೆ ಗೊತ್ತಿರಲಿಲ್ಲ.

“ಅಯ್ಯ, ನಿನ್ನವೇನವಾ? ಅವರು ಜೀವಕ್ಕಿಂತ ಹೆಚ್ಚ ಮಾಡ್ಕೊಂಡಿದ್ರು. ಮಣ್ಣ ಮಾಡುಮುಂದ ಪೇಟಾ ಸುತ್ತಿ, ಶಾಲು ಹೊದಿಸಿ ಕುಂಡ್ರಿಸಿದ್ವಿ. ಗ್ಲೌಸೂ ಹಾಕಿದ್ವಿ. ಎಡಗೈಯಾಗ ಲಿಂಗ ಇಡಬೇಕಲ್ಲ, ಹಂಗಾಗಿ ಬಲಗೈಗೆ ಒಂದಾ ಹಾಕಿದ್ವಿ.”

ಒಳಗೆ ಹೋಗಿ, ಉಳಿದ ಎಡಗೈಯದನ್ನು ತಂದುಕೊಟ್ಟರು.

ಕೊನೆಯ ಪ್ರಯಾಣಕ್ಕೂ ಕಾಕಾ ಸನ್ಮಾನದ ಉಡುಪಿನಲ್ಲೇ ಹೊರಟಿದ್ದರು, ನನ್ನ ಚೀಲದ ಸಾಮಾನನ್ನೂ ತೆಗೆದುಕೊಂಡು. ಅವರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಸತ್ತಿದ್ದಾರೆ ಎಂಬ ಕಾರಣಕ್ಕೆ ಬದಲಿಸುವುದೂ ಇಲ್ಲ. ಆದರೆ ಚಿಗವ್ವನೂ ಈಗಿಲ್ಲ. ಇನ್ನೊಂದನ್ನು ಹೆಣೆದು ಜೋಡಿ ಮಾಡಿಕೊಡುವವರು ಯಾರೂ ಇಲ್ಲ...

ಹೊಸದಾಗಿ ಕೊಂಡ ದಪ್ಪ ಗವಸುಗಳನ್ನು ಚೀಲದ ಮೇಲ್ಭಾಗದಲ್ಲಿಟ್ಟೆ. ಸಿಪ್ಪೆಗಳನ್ನು ಅಂಗಳದಲ್ಲಿ ಕೊಡವಿದೆ, ವಾಸನೆ ಹೋಗಲಿಲ್ಲ. ಆಮೇಲೆ ಎಡಗೈಯ ಕೆಂಪು ಗವಸನ್ನು ಒಮ್ಮೆ ಹಾಕಿ ನೋಡಿದೆ. ಚಿಗವ್ವ ನನ್ನ ಕೈಯ ಅಳತೆ ಹಿಡಿದು ಹೆಣೆದದ್ದು. ಗವಸಿನ ಬೆರಳುಗಳೆಲ್ಲ ಹಿಗ್ಗಿ, ಕಾಕಾ ಅವರ ಕೈಯ ಅಳತೆಗೆ ಬಂದಿದ್ದವು.