ಉಸಿರಿಗೆ ಬಂದ ಮೀನು

ಅವರ ಬಲಗಿವಿಯ ಹಿಂದೆ ಸದಾ ನೀಲಿ ಸೀಮೆಸುಣ್ಣದ ಒಂದು ಗೆರೆ ಇರುತ್ತಿತ್ತು. ಬಟ್ಟೆಗೆ ಗುರುತು ಹಾಕುವ ತುಂಡನ್ನು ಕಿವಿಗೆ ಸಿಕ್ಕಿಸಿಕೊಂಡೇ ಹೊಲಿಯುತ್ತಿದ್ದರು. ಭಾನುವಾರ ಹಾಗೆಯೇ ಮೀನು ಹಿಡಿಯಲು ಹೊರಟುಬಿಡುತ್ತಿದ್ದರು. ದೊಡ್ಡಬಳ್ಳಾಪುರದಲ್ಲಿ ನನ್ನ ಜೆರಾಕ್ಸ್ ಅಂಗಡಿಯ ಪಕ್ಕದಲ್ಲೇ ಅವರ ಅಂಗಡಿ. ನನಗೆ ಅವರು ಟೈಲರಣ್ಣ. ಗಾಳ ಹಾಕುವುದನ್ನು ಕಲಿಸಿದವರೂ ಅವರೇ.

ಹತ್ತಿರದ ಮಧುರೆ ಕಡೆಯ ಒಂದು ಕೆರೆ ನಮ್ಮ ಜಾಗ. ಬೇಸಿಗೆಯ ಕೊನೆಗೆ ಅದು ಬತ್ತಿ, ತೂಬಿನ ಹತ್ತಿರ ಒಂದು ಮಡುವಷ್ಟೇ ಉಳಿಯುತ್ತಿತ್ತು. "ಮೇಲಿನ ನೀರು ಕಾದಿರ್ತದೆ ಕಣಪ್ಪ, ಮೀನು ತಳಕ್ಕೋಗ್ಬಿಡ್ತವೆ. ಬಿಸ್ಲು ಏರೋದ್ರೊಳ್ಗೆ ಕಚ್ಚಿದ್ರೆ ಕಚ್ಚಿದ್ವು, ಇಲ್ದಿದ್ರೆ ಟೀ ಕುಡ್ದು ಮನೆಗೋಗೋದೇ" ಎನ್ನುತ್ತಿದ್ದರು. ಎಷ್ಟೋ ಭಾನುವಾರ ಬರೀ ಟೀ ಕುಡಿದು ಬಂದಿದ್ದೇವೆ. ಮೀನಿಗೆಂದು ಸೋಂಪು ಬೆರೆಸಿ ಕಟ್ಟಿದ ರಾಗಿ ಹಿಟ್ಟಿನ ಉಂಡೆಯನ್ನು ಹಸಿವಾದಾಗ ತಾವೇ ಚಿವುಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಒಂದು ಮೇ ತಿಂಗಳ ಭಾನುವಾರ ಬೆಳಿಗ್ಗೆ ಮೋಡ ಕವಿದಿತ್ತು, ಗಾಳಿ ಆಡುತ್ತಿರಲಿಲ್ಲ. ಮಡುವಿನ ತುಂಬ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತ ಮುಚ್ಚುತ್ತ ನಿಂತಿದ್ದವು. ಎರಡು ತಿಂಗಳಿಂದ ನನಗೆ ಒಂದೂ ಸಿಕ್ಕಿರಲಿಲ್ಲ. ಪ್ಯಾಂಟು ಮಡಚಿ ಇಳಿದವನೇ ಒಂದು ದೊಡ್ಡ ಕಾಟ್ಲಾ ಮೀನನ್ನು ಕೈಯಲ್ಲೇ ಬಾಚಿ ದಡಕ್ಕೆಸೆದೆ.

"ಮೇಲಕ್ಕೆ ಬಾ" ಎಂದರು. "ನೀರಲ್ಲಿ ಉಸ್ರು ಸಾಲ್ದೆ ಮೇಲೆ ಬಂದವೆ ಅವು. ಉಸ್ರಿಗೆ ಬಂದಿದ್ದನ್ನ ಹಿಡೀಬಾರ್ದು."

ಏರಿಯ ಪಕ್ಕದ ದ್ರಾಕ್ಷಿ ತೋಟದಲ್ಲಿ ಬೋರ್‌ವೆಲ್ ಮೋಟಾರು ಓಡುತ್ತಿತ್ತು. ನೇರ ಅಲ್ಲಿಗೆ ಹೋಗಿ, ನೀರನ್ನು ಕೆರೆಗೆ ತಿರುಗಿಸಿ ಎಂದು ಕೇಳಿದರು. ತೋಟದ ಯಜಮಾನರಿಗೆ ಸಿಟ್ಟು ಬಂತು.

"ಕರೆಂಟ್ ಇರೋದೇ ಮೂರು ಗಂಟೆ. ನಿನ್ ಮೀನಿಗೆ ಬಿಟ್ಟು ನನ್ ತೋಟ ಒಣಗಿಸ್ಲಾ?"

"ತೋಟ ನಾಳೆವರ್ಗೂ ತಡೀತದೆ ಯಜಮಾನ್ರೆ. ಅವು ಇನ್ನೊಂದು ಗಂಟೆ ತಡೆಯಲ್ಲ."

ಯಜಮಾನರು ಕೆರೆಯ ಕಡೆ ಒಮ್ಮೆ ನೋಡಿ, ತಾವೇ ಪೈಪು ಎಳೆದು ತಂದರು. ಎತ್ತರದಿಂದ ಬಿದ್ದರೆ ನೀರಿಗೆ ಗಾಳಿ ಸೇರುತ್ತದೆಂದು ಟೈಲರಣ್ಣ ಪೈಪಿನ ತುದಿಯನ್ನು ಭುಜದ ಮೇಲಿಟ್ಟುಕೊಂಡು, ಮೊಣಕಾಲುದ್ದ ಕೆಸರಿನಲ್ಲಿ ಕರೆಂಟು ಹೋಗುವವರೆಗೂ ನಿಂತರು. ಅರವತ್ತು ದಾಟಿದ ವಯಸ್ಸು. ನಾನು ಕೈ ಕೊಡಲು ಹೋದರೆ ಬೇಡವೆಂದು ತಲೆಯಾಡಿಸಿದರು. ಒಂದಷ್ಟು ಮೀನು ಹೊಟ್ಟೆ ಮೇಲಾಗಿ ತೇಲಿದವು. ಮಿಕ್ಕವು ಒಂದೊಂದಾಗಿ ಕೆಳಗಿಳಿದವು.

ಹೊರಡುವಾಗ ದಡದಲ್ಲಿ ಸತ್ತು ಬಿದ್ದಿದ್ದ ಕಾಟ್ಲಾವನ್ನು ಏನು ಮಾಡಬೇಕೆಂದು ತೋಚದೆ ನಿಂತಿದ್ದೆ.

"ತಗೊಂಡೋಗಪ್ಪ, ಸತ್ತಿರೋದನ್ನ ಎಸ್ದು ಏನ್ಮಾಡ್ತೀಯ. ಮನೇಲಿ ಹಿಡ್ದೆ ಅಂತ ಮಾತ್ರ ಹೇಳ್ಬೇಡ" ಎಂದು ನಕ್ಕರು. ಹೆಂಡತಿಗೆ 'ಸಿಕ್ತು' ಎಂದಷ್ಟೇ ಹೇಳಿದೆ.

ಹೋದ ವರ್ಷ ದೀಪಾವಳಿಯ ಹೊಲಿಗೆ ಮುಗಿಸಿದ ವಾರದಲ್ಲೇ ಎದೆನೋವು ಬಂದು ತೀರಿಕೊಂಡರು. ಮಣ್ಣಿಗೆ ಬಂದಿದ್ದ ತೋಟದ ಯಜಮಾನರು ಹೊರಡುವ ಮುನ್ನ ನನ್ನನ್ನು ಪಕ್ಕಕ್ಕೆ ಕರೆದು, "ಪ್ರತಿ ಬೇಸಿಗೆ ಅವ್ರೇ ಬಂದು ಹೇಳೋರು. ಇನ್ಮೇಲೆ ನೀರು ಇಳಿದಾಗ ನೀನಾದ್ರೂ ಬಂದು ಹೇಳಪ್ಪ. ಮೀನು ನೋಡಿದ್ರೆ ನಂಗೇನೂ ಗೊತ್ತಾಗಲ್ಲ" ಎಂದರು.

ಈ ಬೇಸಿಗೆಯಲ್ಲಿ ಎರಡು ಸಲ ಹೋಗಿ ಹೇಳಿದೆ. ಎರಡು ಸಲವೂ ಅವರು ನೀರು ಬಿಟ್ಟರು, ಪೈಪು ಹೊತ್ತು ನಾನು ನಿಂತೆ. ಅದೆಷ್ಟು ಭಾರವೆಂದು ಟೈಲರಣ್ಣ ಒಂದು ದಿನವೂ ಹೇಳಿರಲಿಲ್ಲ.