ಅಕ್ಕನ ಮೀನಿನ ತೊಟ್ಟಿ ಬಾಯಿ ಮುಚ್ಚಿದ ದಿನ

ನಮ್ಮಕ್ಕನನ್ನು ಅವಳು ಕೆಲಸ ಮಾಡುವ ಹೊಲಿಗೆ ಕಾರ್ಖಾನೆಯಲ್ಲಿ ಎಲ್ಲರೂ ‘ಕಿವಿಯಕ್ಕ’ ಎನ್ನುತ್ತಾರೆ. ದಾರ ಕತ್ತರಿಸುವ ಕೆಲಸಕ್ಕೆ ಸೇರಿದವಳು. ಈಗ ಸಾಲುಸಾಲು ಮಷಿನ್ನುಗಳು ಗಡಗಡ ಓಡುತ್ತಿರುವಾಗ, ಕಿಟಕಿ ಪಕ್ಕದ್ದಕ್ಕೆ ಎಣ್ಣೆ ಆರಿದೆ ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಾಳೆ. ದಿನವಿಡೀ ಗದ್ದಲದಲ್ಲಿದ್ದು ಬರುವ ಅವಳಿಗೆ ಮೀನು ಹಿಡಿಸಿದ್ದೇ ಅವು ಮಾತಾಡುವುದಿಲ್ಲ ಎಂದು. ಮೀನೇನೋ ಸುಮ್ಮನಿದ್ದವು. ತೊಟ್ಟಿ ಸುಮ್ಮನಿರಲಿಲ್ಲ.

ನಡುಮನೆಯ ಗೋಡೆಯುದ್ದಕ್ಕೂ ಆ ಗಾಜಿನ ತೊಟ್ಟಿ. ಅದರ ಮೂಲೆಯಲ್ಲೊಂದು ಗೂಡು. ಹೆಚ್ಚಾದ ನೀರು ಅದರೊಳಕ್ಕೆ ಚೆಲ್ಲಿ, ಪೈಪಿನಲ್ಲಿ ಇಳಿದು, ಕೆಳಗಿನ ಕಪಾಟಿನಲ್ಲಿರುವ ಸಂಪು ಎಂಬ ಇನ್ನೊಂದು ತೊಟ್ಟಿಗೆ ಬೀಳುತ್ತದೆ. ಅಲ್ಲಿ ಸೋಸಿದ ನೀರನ್ನು ಪಂಪು ಮತ್ತೆ ಮೇಲಕ್ಕೆತ್ತುತ್ತದೆ. ಸದ್ದೆಲ್ಲ ಇಳಿಯುವ ಪೈಪಿನದು. ಯಾರೋ ಬಿಡುವಿಲ್ಲದೆ ಬಾಯಿ ಮುಕ್ಕಳಿಸುತ್ತಿರುವಂಥ ಸದ್ದು.

ಭಾವನದು ರಾತ್ರಿ ಪಾಳಿ, ತಗಡು ಒತ್ತುವ ಪ್ರೆಸ್ಸಿನ ಮುಂದೆ. ನಿದ್ದೆ ಹಗಲು. ಹಾಸಿಗೆ ಇರುವುದು ತೊಟ್ಟಿಯ ಗೋಡೆಯಾಚೆ. ಒಂದು ಬೆಳಗ್ಗೆ ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಹೇಳಿದರು:

“ನೋಡೇ, ಇವತ್ತು ಪ್ರೆಸ್ ಮುಂದೆ ತೂಕಡಿಸಿಬಿಟ್ಟೆ. ಪಕ್ಕದವನು ಹಿಂದಕ್ಕೆ ಎಳೆದ, ಕೈ ಉಳೀತು. ಮೀನಂಗಡಿಯವನಿಗೆ ಫೋನ್ ಮಾಡಿದೀನಿ. ಭಾನುವಾರ ಸಂಜೆ ಬಂದು ಎಲ್ಲಾ ತಗೊಂಡು ಹೋಗ್ತಾನೆ.”

ಅಕ್ಕ ಜಗಳವಾಡಲಿಲ್ಲ. ಗಂಡನ ಕೈಯ ಮಾತು ಬಂದ ಮೇಲೆ ಎಂಥ ಜಗಳ? “ಭಾನುವಾರದವರೆಗೆ ಟೈಮ್ ಇದೆಯಲ್ಲ” ಎಂದಷ್ಟೇ ಹೇಳಿ ನನ್ನನ್ನು ಕರೆಸಿದಳು.

ನಾನು ಪ್ಲಂಬರ್. ಇಳಿಯುವ ಪೈಪು ದಪ್ಪ ಇರಬೇಕು, ಗಾಳಿಗೆ ದಾರಿ ಇರಬೇಕು. ಮನೆಗಳಿಗೆ ನಾವು ಹಾಕುವುದೇ ಹಾಗೆ. ಶನಿವಾರ ಭಾವ ಪಾಳಿಗೆ ಹೊರಟ ಕೂಡಲೇ ಸಣ್ಣ ಪೈಪು ಕಿತ್ತು ದಪ್ಪದ್ದು ಕೂರಿಸಿ, ಮೇಲೊಂದು ತೂತು ಕೊರೆದೆ. ಮುಕ್ಕಳಿಸುತ್ತಿದ್ದದ್ದು ಈಗ ಸೊರಸೊರ ಹೀರತೊಡಗಿತು! ನನ್ನ ಪಿತ್ತ ನೆತ್ತಿಗೇರಿತು. ಪಾನಾ ನೆಲಕ್ಕೆ ಒಗೆದು ಮೀನುಗಳ ವಂಶವನ್ನೆಲ್ಲ ಬೈದೆ.

“ಅವಕ್ಕೆ ಯಾಕೋ ಬೈತೀಯ? ಪೈಪು ಹಾಕಿದ್ದು ಅವಾ?” ಎಂದಳು ಅಕ್ಕ.

ಅವಳು ಪೈಪಿಗೆ ಕಿವಿ ಒತ್ತಿ ಕೂತಿದ್ದಳು. ಎದ್ದು, ನಾನು ಕೊರೆದ ತೂತನ್ನು ಹೆಬ್ಬೆರಳಿನಿಂದ ಮುಚ್ಚಿದಳು. ಸದ್ದು ತಟ್ಟನೆ ನಿಂತಿತು. ಗೂಡಿನ ನೀರು ಸರಸರ ತಗ್ಗಿ ಪೈಪಿನ ಬಾಯಿಯವರೆಗೂ ಇಳಿಯಿತು. ಆಮೇಲೆ ಗೊರ್ ಎಂದು ಮತ್ತೆ ಗಾಳಿ ಹೀರಿತು.

“ಕೇಳಿಸ್ತಾ? ಬರೀ ನೀರಿದ್ರೆ ಸದ್ದಿಲ್ಲ, ಗಾಳಿ ಸೇರಿದ್ರೇ ಗಲಾಟೆ. ಪಂಪು ಕೊಡೋದಕ್ಕಿಂತ ಈ ಪೈಪು ಜಾಸ್ತಿ ಕುಡೀತಿದೆ ಕಣೋ. ಕೆಳಗೊಂದು ವಾಲ್ವ್ ಹಾಕಿ ಕತ್ತು ಹಿಡಿ.”

“ಇಳಿಯೋ ಪೈಪಿಗೆ ವಾಲ್ವಾ? ತಲೆ ನೆಟ್ಟಗಿದೆಯಾ ನಿಂಗೆ? ತೊಟ್ಟೀಲಿರೋ ಒಂದು ಬಸವನಹುಳು ಅದ್ರಲ್ಲಿ ಸಿಕ್ಕಿಕೊಂಡ್ರೆ ನಡುಮನೆ ಕೆರೆ ಆಗುತ್ತೆ! ಆಮೇಲೆ ನನ್ನ ಯಾರು ಕೆಲಸಕ್ಕೆ ಕರೀತಾರೆ?”

“ಹಾಗಾದ್ರೆ ಹುಳ ಸಿಕ್ಕಿಕೊಂಡ ದಿನಕ್ಕೆ ಅಂತ ಇನ್ನೊಂದು ಪೈಪ್ ಹಾಕು. ಅದಕ್ಕೆ ವಾಲ್ವ್ ಬೇಡ, ಬಾಯಿ ಸ್ವಲ್ಪ ಎತ್ತರಕ್ಕಿರಲಿ.”

“ಗೂಡಿನ ತಳದಲ್ಲಿ ತೂತು ಇರೋದೇ ಎರಡು. ಒಂದು ಇಳಿಯೋಕೆ, ಇನ್ನೊಂದು ಪಂಪಿಂದು.”

“ಪಂಪಿನ ಪೈಪು ಮೇಲಿಂದ ಗಾಜು ದಾಟ್ಕೊಂಡು ಬರಲಿ. ಯಾರು ಬೇಡ ಅಂದ್ರು?”

ಉತ್ತರ ಹೊಳೆಯದಾಗ ಬರುವ ಸಿಟ್ಟಿದೆಯಲ್ಲ, ಅದು ಸಿಟ್ಟು. ಗೊಣಗುತ್ತಲೇ ನಾನು ಕೊರೆದ ತೂತು ಮುಚ್ಚಿದೆ, ಪೈಪು ಕೊಯ್ದೆ, ಅಂಟು ಬಳಿದೆ, ವಾಲ್ವು ಕೂರಿಸಿದೆ, ಪಂಪಿನ ತೂತಿಗೆ ಎತ್ತರದ ಪೈಪು ನಿಲ್ಲಿಸಿದೆ.

ಭಾನುವಾರ ಬೆಳಗ್ಗೆ ಭಾವ ಬಂದರು. ಅಂಟು ಒಣಗಲೆಂದು ಪಂಪು ನಿಲ್ಲಿಸಿದ್ದನ್ನೂ ಗಮನಿಸದೆ, ಎಂದಿನಂತೆ ಬಾಗಿಲಲ್ಲೇ ಕಿವಿಗೆ ಹತ್ತಿ ತುರುಕಿಕೊಂಡು ಹೋಗಿ ಮಲಗಿದರು.

ಪಂಪು ಹಾಕಿದೆವು. ಪೈಪು ಗಕ್ ಗಕ್ ಎಂದು ಕೆಮ್ಮಿತು, ಇನ್ನೂ ಕೆಮ್ಮಿತು. ನಾನು ಪಾನಾಕ್ಕೆ ಕೈ ಹಾಕುವಷ್ಟರಲ್ಲಿ ಅಕ್ಕ ಕಪಾಟಿನೊಳಗೆ ತಲೆ ತೂರಿಸಿದ್ದಳು.

“ಲೋ, ಪೈಪಿನ ತುದಿ ಸಂಪಿನ ನೀರಲ್ಲಿ ಗೇಣುದ್ದ ಮುಳುಗಿದೆ. ಒಳಗಿರೋ ಗಾಳಿ ಹೊರಗೆ ಬರೋದು ಹೇಗೋ?”

ತುದಿ ನೀರಿನಲ್ಲಿ ಒಂದು ಬೆರಳು ಅದ್ದಿರುವಷ್ಟಕ್ಕೆ ಕತ್ತರಿಸಿದೆ. ಪೈಪು ಒಳಗಿದ್ದ ಗಾಳಿಯನ್ನೆಲ್ಲ ಬುಳುಬುಳು ಉಗುಳಿ ತುಂಬಿ ಹರಿಯಿತು. ಅಕ್ಕ ಕಣ್ಣು ಮುಚ್ಚಿ ವಾಲ್ವನ್ನು ಕೂದಲೆಳೆಯಷ್ಟು, ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದಳು. ಗೂಡಿನ ನೀರು ಏರಿ, ಎತ್ತರದ ಪೈಪಿನೊಳಕ್ಕೆ ತೆಳ್ಳಗೆ ಗೋಡೆ ಹಿಡಿದು ಇಳಿಯುವಷ್ಟಾಗಿ ನಿಂತಿತು.

ಸದ್ದಿಲ್ಲ. ಗೋಡೆ ಗಡಿಯಾರದ ಟಿಕ್‌ಟಿಕ್ ಮಾತ್ರ.

ನಂಬಿಕೆ ಬರದೆ, ವಾಲ್ವಿನ ಪೈಪಿನ ಬಾಯಿಗೆ ನಾನೇ ಬಟ್ಟೆ ತುರುಕಿದೆ. ಎತ್ತರದ ಪೈಪು ಭೋರ್ ಎಂದು ಅಷ್ಟೂ ನೀರು ನುಂಗಿತು. ನೆಲಕ್ಕೆ ತೊಟ್ಟೂ ಬೀಳಲಿಲ್ಲ! ಬಟ್ಟೆ ತೆಗೆದದ್ದೇ ಒಮ್ಮೆ ಗುಟುಕರಿಸಿ ಮತ್ತೆ ಗಪ್‌ಚಿಪ್. ನಾನು ಹೋ ಎಂದು ಕೂಗಿದೆ. ಅಕ್ಕ ಓಡಿಬಂದು ನನ್ನ ಬಾಯಿ ಮುಚ್ಚಿದಳು. “ನಿಂಗೂ ಒಂದು ವಾಲ್ವ್ ಹಾಕಿಸ್ಬೇಕು ಕಣೋ!”

ಸಂಜೆ ಮೀನಂಗಡಿಯವನು ಕ್ಯಾನು, ಬಲೆ ಹಿಡಿದು ಬಾಗಿಲಲ್ಲಿ ನಿಂತ. ಅದೇ ಹೊತ್ತಿಗೆ ಕೋಣೆಯಿಂದ ಭಾವ ಬರಿಗಾಲಲ್ಲಿ ಓಡಿಬಂದರು. ಒಂದು ಕಿವಿಯ ಹತ್ತಿ ಕೈಯಲ್ಲಿತ್ತು, ಇನ್ನೊಂದರದು ಕಿವಿಯಲ್ಲೇ ಇತ್ತು.

“ಪಂಪು ನಿಂತಿದೆ ಕಣೇ! ಸದ್ದೇ ಇಲ್ಲ! ಮೀನು ಸತ್ತುಹೋಗ್ತವೆ, ಬೇಗ ನೋಡು!”

ಅಕ್ಕ ಕೂತಲ್ಲಿಂದ ಏಳಲಿಲ್ಲ. “ಓಡ್ತಾ ಇದೆ ರೀ. ನೀವು ಓಡಿ ಬಂದ ಸದ್ದೇ ಜಾಸ್ತಿ.”

ಭಾವ ಗಾಜಿಗೆ ಕೈಯಿಟ್ಟರು, ಕಪಾಟು ತೆಗೆದು ಬಗ್ಗಿ ನೋಡಿದರು, ಉಳಿದ ಹತ್ತಿಯನ್ನೂ ಕಿತ್ತು ಕಿವಿಗೊಟ್ಟರು. ಆಮೇಲೆ ಬಾಗಿಲ ಕಡೆ ತಿರುಗಿ, “ಬಾರಪ್ಪ, ಒಳಗೆ ಬಾ. ಕೂತ್ಕೊಂಡು ಸ್ವಲ್ಪ ಕೇಳು” ಎಂದು ಕುರ್ಚಿ ಎಳೆದು ಹಾಕಿದರು.

ಅವನು ಕ್ಯಾನನ್ನು ಕಾಲ ಬಳಿ ಇಟ್ಟು ಬಹಳ ಹೊತ್ತು ಕೂತ. “ಏನೂ ಕೇಳಿಸ್ತಿಲ್ವಲ್ಲ ಅಣ್ಣಾ...”

“ಅದನ್ನೇ ಕೇಳು ಅಂದಿದ್ದು! ಮೀನು ಎಲ್ಲಿಗೂ ಹೋಗಲ್ಲ, ನೀನು ಹೋಗಿ ಬಾ.”

ನಾನು ಎದೆಯುಬ್ಬಿಸಿ, “ಪೈಪು ಹಾಕಿದ್ದು ನಾನು” ಎಂದೆ. ಅಕ್ಕ ಅಲ್ಲ ಎನ್ನಲಿಲ್ಲ. ಕಾಲು ಚಾಚಿ ಕೂತು, ಗೆದ್ದ ರಾಣಿಯ ಹಾಗೆ ಮೀನುಗಳನ್ನು ನೋಡುತ್ತಿದ್ದಳು.