ಕೆಂಪವ್ವನ ಹೆಸರಿನ ವಾರ್ಡು

ಸಾವಳಗಿಯ ಕುರಿಗಾರರ ಮಾಯವ್ವನಿಗೆ ದೇವರು ಕೊಟ್ಟದ್ದು ಒಂದು ಬಾಯಿ. ಬೈದರೆ ಎದುರಿನವರ ಏಳು ತಲೆಮಾರು ಎದ್ದು ಬರಬೇಕು, ಅತ್ತರೆ ದಾರಿಯಲ್ಲಿ ಹೋಗುವವರೂ ನಿಂತು ಮೂಗು ಒರೆಸಿಕೊಳ್ಳಬೇಕು. ಉಳಿದದ್ದೆಲ್ಲವನ್ನೂ ಅವನು ಒಂದೊಂದಾಗಿ ಕಿತ್ತುಕೊಂಡ. ಗಂಡ ಗಿರಮಲ್ಲಪ್ಪ ಕುರಿಯ ಹಿಂದೆ ಹೋದವನು ಅಲ್ಲೆಲ್ಲೋ ಜ್ವರ ಬಂದು ಸತ್ತ. ಒಬ್ಬಳೇ ಮಗಳು ಸೋಮವ್ವ ಚೊಚ್ಚಲ ಹೆರಿಗೆಗೆ ಜಮಖಂಡಿಗೆ ಹೊರಟು, ಅರ್ಧ ದಾರಿಯಲ್ಲಿ ಚಕ್ಕಡಿಯಲ್ಲೇ ಹೆತ್ತು ಕಣ್ಣು ಮುಚ್ಚಿದಳು. ಕೂಸು ಬದುಕಿತು. ಅಳಿಯ ಮತ್ತೊಂದು ಮದುವೆಯಾಗಿ ಈ ಕಡೆ ತಿರುಗಿಯೂ ನೋಡಲಿಲ್ಲ. ಮಾಯವ್ವ ಆಡಿನ ಹಾಲು ಕುಡಿಸಿ ಅದನ್ನು ಉಳಿಸಿಕೊಂಡಳು, ಕೆಂಪವ್ವ ಎಂದು ಹೆಸರಿಟ್ಟಳು. ಆಕೆಗೆ ಈ ಲೋಕದಲ್ಲಿ ಇದ್ದದ್ದು ಅದೊಂದೇ ಜೀವ.

ಆಗಷ್ಟೇ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಿತ್ತು. ಜಮಖಂಡಿಯ ಚನಮಲ್ಲಪ್ಪ ವಕೀಲರು ಬಡವರಿಗೊಂದು ಹೆರಿಗೆ ಆಸ್ಪತ್ರೆ ಕಟ್ಟಿಸಬೇಕೆಂದು ಸಂಘ ಮಾಡಿದ್ದರು. ಜನ ಅರ್ಧ ಕೂಡಿಸಿದರೆ ಉಳಿದರ್ಧ ಸರಕಾರದ್ದು ಎಂದು ಮಾತಾಗಿತ್ತು. ಒಂದು ವರ್ಷ ಪಾವತಿ ಪುಸ್ತಕ ಹಿಡಿದು ತಿರುಗಿದರೂ ಪಾಯ ತೋಡುವಷ್ಟು ಹಣ ಬರಲಿಲ್ಲ. ಎಲ್ಲರೂ ಚಹಾ ಕೊಟ್ಟರು, ನಮಸ್ಕಾರ ಕೊಟ್ಟರು, ಬಿಚ್ಚಬೇಕಾದ ಗಂಟನ್ನು ಮಾತ್ರ ಬಿಚ್ಚಲಿಲ್ಲ. ವಕೀಲರು ಸಂತೆಯಲ್ಲಿ ಒಮ್ಮೆ ಮಾಯವ್ವ ಮಗಳನ್ನು ನೆನೆದು ಅಳುವುದನ್ನು ಕಂಡರು. ಸುತ್ತ ನಿಂತ ಹೆಂಗಸರು ಸೆರಗಿನ ಗಂಟು ಬಿಚ್ಚಿ ಕಾಸು ಕೊಡುತ್ತಿದ್ದರು. ಜನ ಇಟ್ಟಂಗಿಗೆ ಕೊಡುವುದಿಲ್ಲ, ಕಣ್ಣೀರಿಗೆ ಕೊಡುತ್ತಾರೆ ಎಂದು ವಕೀಲರಿಗೆ ಅಂದು ತಿಳಿಯಿತು. ಬುದ್ಧಿವಂತರು. ತಿಳಿದದ್ದನ್ನು ಸುಮ್ಮನೆ ಬಿಡುವ ಜಾತಿಯಲ್ಲ.

"ನಾಕ ಊರಾಗ ನಿನ್ನ ಮಗಳ ಕತಿ ಹೇಳು ಮಾಯವ್ವ," ಎಂದರು. "ಆಸ್ಪತ್ರಿ ಆದ ಮ್ಯಾಲ ನಿನಗ ಆಯಾನ ಕೆಲಸ, ಇರಾಕ ಒಂದು ಖೋಲಿ. ನಿನ್ನ ಮೊಮ್ಮಗಳು ಬಿಸಲಾಗ ಕುರಿ ಹಿಂದ ತಿರಗೂದು ತಪ್ಪತೈತಿ."

ಮೊಮ್ಮಗಳ ಹೆಸರು ಬಂದ ಮೇಲೆ ಮಾಯವ್ವ ಇನ್ನೇನು ಅಂದಾಳು? ಒಪ್ಪಿದಳು.

ವಕೀಲರ ಲೆಕ್ಕಾಚಾರ ಪಕ್ಕಾ ಇತ್ತು. ಮೊದಲು ಮುಧೋಳ, ಆಮೇಲೆ ಬೀಳಗಿ, ಕಡೆಗೆ ರಬಕವಿ-ಬನಹಟ್ಟಿ. ದೊಡ್ಡ ಕುಳಗಳಿದ್ದದ್ದು ಅಲ್ಲೇ, ಮಗ್ಗದ ಊರಿನಲ್ಲಿ. ಅಲ್ಲಿಗೆ ಹೋಗುವ ಹೊತ್ತಿಗೆ ಕಥೆ ಚೆನ್ನಾಗಿ ಹದಗೊಂಡಿರಬೇಕು. ಸಾವಳಗಿಗೆ ಮಾತ್ರ ಹೋಗುವುದಿಲ್ಲ, ಮನೆಯ ಕಥೆ ಮನೆಯವರಿಗೆ ಏನು ಹೇಳುವುದು?

ಮುಧೋಳದಲ್ಲಿ ಮಾಯವ್ವ ಕರಿ ಕಂಬಳಿ ಹೊದ್ದು ನಿಂತು ಬಾಯಿ ತೆರೆದದ್ದೇ ತಡ, ಹೆಂಗಸರು ಗೊಳೋ ಎಂದರು. ಬೀಳಗಿಯಲ್ಲೂ ಹಾಗೇ ಆಗುತ್ತಿತ್ತು. ಅಷ್ಟರಲ್ಲಿ ಒಬ್ಬಾಕೆ ಕೇಳಿದಳು: "ಕೂಸು ಏನಾತಬೇ ಯವ್ವಾ?"

"ಬದುಕೈತೆವ್ವಾ, ಬೀರಪ್ಪ ಉಳಿಸ್ಯಾನ," ಎಂದಳು ಮಾಯವ್ವ, ಮುಖ ಅರಳಿಸಿ.

ಎಲ್ಲರೂ ನಿಟ್ಟುಸಿರು ಬಿಟ್ಟರು. ಅಷ್ಟಾದರೂ ಆಯಿತಲ್ಲ ಎಂದು ಸಮಾಧಾನ ಮಾಡಿಕೊಂಡು ಎದ್ದು ಹೋದರು. ಚಂದಾ ಹಾಕಲು ಇಟ್ಟ ತಟ್ಟೆ ಅರ್ಧ ಖಾಲಿ ಉಳಿಯಿತು. ತಿರುಗಿ ಬರುವಾಗ ವಕೀಲರು ಬಸ್ಸಿನಲ್ಲಿ ಆ ಚಿಲ್ಲರೆಯನ್ನು ಎರಡೆರಡು ಸಲ ಎಣಿಸಿದರು. ಜಮಖಂಡಿಯಲ್ಲಿ ಇಳಿದ ಮೇಲೆ ಹೇಳಿದರು: "ಬನಹಟ್ಟ್ಯಾಗ ಕೂಸೂ ಸತ್ತೈತಿ ಅನ್ನು."

ಮಾಯವ್ವ ಕೆಂಡವಾದಳು. "ನನ್ನ ಕೂಸಿನ್ನ ನನ್ನ ಬಾಯಿಲೆ ಕೊಲ್ಲು ಅಂತೀರೇನ್ರಿ? ನಿಮಗೂ ಮಕ್ಕಳದಾವಿಲ್ಲೋ?"

"ಬಾಯಾಗ ಸತ್ರ ಖರೇನ ಸಾಯತಾರೇನ? ಆಸ್ಪತ್ರಿ ಆಗಲಿಲ್ಲಂದ್ರ ಖೋಲಿನೂ ಇಲ್ಲ, ಕೆಲಸಾನೂ ಇಲ್ಲ. ವಿಚಾರ ಮಾಡು."

ಆಕೆ ವಿಚಾರ ಮಾಡಿದಳು. ಬಡವರ ವಿಚಾರ ಎಷ್ಟು ದೂರ ಹೋದೀತು? ಕೂಸಿಗೊಂದು ಸೂರು ಸಿಗುವಲ್ಲಿಗೆ ಹೋಗಿ ನಿಂತಿತು. ಬನಹಟ್ಟಿಯಲ್ಲಿ ಹೇಳುವ ಮುಂಚೆ ಹೆಗಲ ಮೇಲಿನ ಕಂಬಳಿ ತೆಗೆದು ಬದಿಗಿಟ್ಟಳು. ಕಂಬಳಿ ಹೊದ್ದು ಸುಳ್ಳಾಡಿದರೆ ಕುಲದೇವರು ಬೀರಪ್ಪ ಬಿಡುವುದಿಲ್ಲ ಎಂಬ ನಂಬಿಕೆ ಕುರಿಗಾರರದು. "ಹೊತಗೋ, ಕಂಬಳಿ ಇದ್ರ ಛಲೋ ಕಾಣತೈತಿ," ಎಂದು ವಕೀಲರು ಪಿಸುಗುಟ್ಟಿದರು. ಆಕೆ ಮುಟ್ಟಲಿಲ್ಲ. ತಾಯಿಯನ್ನು ಕೊಂದಳು, ಕೂಸನ್ನೂ ಕೊಂದಳು, ಎರಡನ್ನೂ ಒಂದೇ ಕುಣಿಯಲ್ಲಿ ಮಣ್ಣು ಮಾಡಿದಳು. ಆ ಅಳು ಸುಳ್ಳಲ್ಲ, ಹಾಗೆ ಹೇಳಬೇಕಾಗಿ ಬಂದದ್ದಕ್ಕೇ ಆಕೆ ಅತ್ತದ್ದು.

ಸೀರೆ ವ್ಯಾಪಾರಿ ಮುದಕಪ್ಪ ಎದ್ದು ನಿಂತ. ಅವನಿಗೂ ಹೆಂಡತಿ ಯಂಕವ್ವನಿಗೂ ಮಕ್ಕಳಿರಲಿಲ್ಲ. ಒಂದು ಇಡೀ ವಾರ್ಡಿನ ಖರ್ಚು ತನ್ನದೆಂದ. "ಆ ಕೂಸಿನ ಹೆಸರ ಇಡ್ರಿ. ಏನಂತ ಹೆಸರ ಇಡಾಕಿದ್ದಿಬೇ?"

ಬೇರೆ ಯಾವುದಾದರೂ ಹೆಸರು ಹೇಳಬಹುದಿತ್ತು. ನಾಲಿಗೆ ಮನೆಯ ಹೆಸರನ್ನೇ ಹೇಳಿತು.

ಆಸ್ಪತ್ರೆ ಎದ್ದಿತು. ಬಾಗಿಲ ಮೇಲೆ 'ದಿವಂಗತ ಶಿಶು ಕೆಂಪವ್ವ ವಾರ್ಡು' ಎಂದು ಕಲ್ಲು ಕೂತಿತು. ಮಾಯವ್ವ ಗಂಟುಮೂಟೆ ಕಟ್ಟಿಕೊಂಡು, ನಾಲ್ಕು ವರ್ಷದ ಕೆಂಪವ್ವನ ಕೈ ಹಿಡಿದು ಖೋಲಿಗೆ ಬಂದಳು. ವಕೀಲರ ಮುಖ ಬಿಳಿಚಿತು.

"ಇದನ್ಯಾಕ ಕರಕೊಂಡ ಬಂದಿ? ಸುಳ್ಳ ಹೇಳಿ ರೊಕ್ಕ ಎತ್ತಿದವರಿಗೆ ಜೇಲ ಐತಿ. ಸಭಾದಾಗ ಹೇಳಿದವರ್‍ಯಾರು? ನಾನಲ್ಲ, ನೀನು. ಇಲ್ಲಿ ಇರೂದಾದ್ರ ಇದು ನಿನ್ನ ಮೊಮ್ಮಗಳಲ್ಲ. ದಿಕ್ಕಿಲ್ಲದ ಕೂಸು, ಹೆಸರು ತಾರವ್ವ."

ತಿರುಗಿ ಹೋಗಲು ಸಾವಳಗಿಯಲ್ಲಿ ಏನೂ ಉಳಿದಿರಲಿಲ್ಲ, ಇದ್ದ ಕುರಿಗಳನ್ನು ಮಾರಿ ಬಂದಿದ್ದಳು. ಅಂದಿನಿಂದ ಆ ಖೋಲಿಯಲ್ಲಿ ಒಂದು ಸಾಲೆ ಶುರುವಾಯಿತು. ಕೆಂಪಿ ಎಂದು ಕರೆದಾಗ ಮಗು ತಿರುಗಿದರೆ ಏಟು. ಅಜ್ಜಿಯನ್ನು ಆಯಿ ಎಂದು ಕರೆದರೆ ಏಟು. "ನಾ ನಿನಗ ಏನಾಗಬೇಕು?" ಎಂದು ಕೇಳಿದಾಗ "ಏನೂ ಇಲ್ಲ" ಎಂದರೆ ಬೆಲ್ಲದ ಚೂರು. ಹೊಡೆದ ಮೇಲೆ ಮಾಯವ್ವ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಮಗು ಜಾಣೆ, ಬೇಗ ಕಲಿಯಿತು.

ಉದ್ಘಾಟನೆಯ ದಿನ ರಬಕವಿ-ಬನಹಟ್ಟಿಯವರೆಲ್ಲ ಬಂದರು. ಕೂಸು ಬದುಕಿದೆಯೆಂದು ಬಲ್ಲ ಸಾವಳಗಿಯವರಿಗೂ ಬೀಳಗಿಯವರಿಗೂ ಆಮಂತ್ರಣ ಹೋಗಿರಲಿಲ್ಲ. ಪೇಢೆ ಹಂಚುತ್ತಿದ್ದ ಯಂಕವ್ವನ ಕಣ್ಣು ಅಂಗಳದಲ್ಲಿ ಆಡುತ್ತಿದ್ದ ಮಗುವಿನ ಮೇಲೆ ಬಿತ್ತು.

"ಯಾರ ಕೂಸಬೇ ಇದು? ಎಷ್ಟ ಚಂದ ಐತಿ!"

"ಯಾರದೋ ಏನೋ ರೀ ಅವ್ವಾರ. ದಿಕ್ಕಿಲ್ಲದ್ದು," ಎಂದಳು ಮಾಯವ್ವ. ಅಷ್ಟು ದಿನ ಕಲಿಸಿದ ಪಾಠ ಆಕೆಗೂ ಬಾಯಿಪಾಠವಾಗಿತ್ತು.

ಯಂಕವ್ವ ಮಗುವನ್ನು ಎತ್ತಿಕೊಂಡಳು, ಮತ್ತೆ ಇಳಿಸಲಿಲ್ಲ. ಗಂಡನ ಮುಖ ನೋಡಿದಳು, ಗಂಡ ವಕೀಲರ ಮುಖ ನೋಡಿದ. ವಕೀಲರಿಗೆ ಒಂದೇ ಏಟಿಗೆ ಎರಡು ಹಕ್ಕಿ. "ಕರಕೊಂಡ ಹೋಗ್ರಿ, ನಿಮಗೂ ಒಂದು ಕುಡಿ ಆಗತೈತಿ. ಕೇಳವರು ಯಾರದಾರು?"

ಮಾಯವ್ವನ ಎದೆ ಒಡೆಯಿತು. ಜೇಲು ಗೀಲು ಎಲ್ಲ ಮರೆತಳು. "ಕೊಡಂಗಿಲ್ಲರೀ! ಅದು ನನ್ನ ಮೊಮ್ಮಗಳು! ನನ್ನ ಸೋಮಿ ಹಡದ ಕೂಸು, ಸತ್ತಿಲ್ಲ! ನಾ ಸುಳ್ಳ ಹೇಳೇನಿ!"

ಯಂಕವ್ವನ ಕಣ್ಣು ತುಂಬಿದವು. "ಅಯ್ಯ ಪಾಪ! ಕಂಡ ಕಂಡ ಕೂಸೆಲ್ಲಾ ತನ್ನ ಮೊಮ್ಮಗಳು ಅನಸತೈತಿ ಮುದುಕಿಗೆ." ವಕೀಲರು ತಲೆ ತಗ್ಗಿಸಿ, "ಹೌದರಿ, ಆವಾಗಿಂದ ತಲಿ ಸರಿ ಇಲ್ಲ," ಎಂದರು. ಕೂಡಿದವರೆಲ್ಲ ಮರುಗಿದರು. ಒಳ್ಳೆಯ ಜನ.

ಮುದಕಪ್ಪ ಮಾತ್ರ ವ್ಯಾಪಾರಿ, ಎರಡೂ ಅಂಚು ನೋಡದೆ ಸೀರೆ ಕೊಂಡವನಲ್ಲ. ಮಗುವಿನ ಗಲ್ಲ ಹಿಡಿದು ಕೇಳಿದ: "ತಂಗಿ, ಹೆದರಬ್ಯಾಡ. ಈ ಮುದುಕಿ ನಿನಗ ಏನಾಗಬೇಕು?"

"ಹೇಳ ಕೆಂಪೀ! ಹೇಳ ನನ್ನವ್ವಾ! ನಾ ನಿನ್ನ ಆಯಿ!" ಮಾಯವ್ವ ಮುಂದೆ ನುಗ್ಗಿದಳು, ಇಬ್ಬರು ಹಿಡಿದುಕೊಂಡರು.

ಕೆಂಪಿ ಎಂದು ಕರೆದರೂ ಮಗು ತಿರುಗಲಿಲ್ಲ. ಒಮ್ಮೆ ಮಾಯವ್ವನ ಬಲಗೈಯನ್ನು ನೋಡಿತು. ಆಮೇಲೆ, ಅಷ್ಟು ಮಂದಿಯ ಎದುರು, ಒಂದಕ್ಷರ ತಪ್ಪದೆ, "ಏನೂ ಇಲ್ಲ," ಎಂದಿತು. ಹೇಳಿ, ಬೆಲ್ಲಕ್ಕಾಗಿ ಮಾಯವ್ವನ ಕಡೆ ಕೈ ಚಾಚಿತು.

ಆ ಕೈಗೆ ಯಂಕವ್ವ ಪೇಢೆ ಕೊಟ್ಟಳು.